ಸುಟ್ಟ ಮಣ್ಣು ಮತ್ತೆ ಹೊಲವಾಗದು

ನಮ್ಮ ನೆಲಮಂಗಲದ ಕಡೆ ಮಣ್ಣಿಗಾಗಿ ಎರಡು ಥರದವರು ಬರುತ್ತಿದ್ದರು. ಕುಂಬಾರರು ಬೇಸಿಗೆಯಲ್ಲಿ ಕೆರೆಯಂಗಳದಿಂದ ಮಂಕರಿಯಲ್ಲಿ ಜೇಡಿಮಣ್ಣು ಹೊರುತ್ತಿದ್ದರು. ಇಟ್ಟಿಗೆ ಗೂಡಿನವರು ಹೊಲಕ್ಕೇ ಲಾರಿ ತರುತ್ತಿದ್ದರು. ಮಗಳ ಮದುವೆ ವರ್ಷ ನಾನೂ ಅರ್ಧ ಎಕರೆಯ ಮೇಲ್ಮಣ್ಣನ್ನು ಒಂದಡಿ ಆಳಕ್ಕೆ ಮಾರಿಬಿಟ್ಟೆ. ಆಮೇಲೆ ಅಲ್ಲಿ ರಾಗಿ ಮೊಣಕಾಲುದ್ದವೂ ಏಳಲಿಲ್ಲ. ಈ ಸಂಕಟ ಇದ್ದುದರಿಂದಲೋ ಏನೋ, ದೆಹಲಿಯ ಪಿಂಗಾಣಿ ಕಲಾವಿದ ಗುರುಚರಣ್ ಸಿಂಗ್ ಅವರ ವಿಚಾರ ಓದಿದಾಗ ಮನಸ್ಸಿಗೆ ನಾಟಿತು.

ಅವರೂ ಇಟ್ಟಿಗೆ ಕಸುಬಿನ ಕಡೆಯಿಂದಲೇ ಬಂದವರು. ಭೂವಿಜ್ಞಾನ ಓದಿದ್ದರು. ದೆಹಲಿಯಲ್ಲಿ ಇಟ್ಟಿಗೆ ಕೆಲಸದ ಯಜಮಾನರೊಬ್ಬರ ಬಳಿ ಸೇರಿದರು. ಮಣ್ಣಿನ ಕೆಲಸ ಕಲಿತು ಬಾ ಅಂತ ಆ ಯಜಮಾನರು 1919ರಲ್ಲಿ ಜಪಾನಿಗೆ ಕಳಿಸಿದರು. ಆ ಕಾಲಕ್ಕೆ ಅದೇನು ಸಣ್ಣ ಪ್ರಯಾಣವೇ? ಅಲ್ಲಿ ಅವರಿಗೆ ಇಂಗ್ಲೆಂಡಿನ ಬರ್ನಾರ್ಡ್ ಲೀಚ್, ಜಪಾನಿನ ಹಮಾದಾ, ಯಾನಗಿ ಇಂಥವರ ಸ್ನೇಹವಾಯಿತು. ಹೆಸರಿಲ್ಲದ ಹಳ್ಳಿ ಕುಂಬಾರ ದಿನಬಳಕೆಗೆ ಮಾಡುವ ಬಟ್ಟಲಲ್ಲೇ ಚೆಲುವಿದೆ ಎಂದವರು ಯಾನಗಿ.

ಜಪಾನಿನವರಷ್ಟೇ ಅಲ್ಲ, ದೆಹಲಿಯಲ್ಲೇ ಇದ್ದ ಪಠಾಣ ಕುಂಬಾರ ಅಬ್ದುಲ್ಲಾ ಕೂಡ ಸಿಂಗ್ ಅವರಿಗೆ ಗುರು. ಹಳೆಯ ಗುಮ್ಮಟಗಳ ನೀಲಿ ಬಿಲ್ಲೆಯ ವಿದ್ಯೆ ಆ ಮನೆತನದ್ದು. 1952ರಲ್ಲಿ ಸಿಂಗ್ ಅವರು ಡೆಲ್ಲಿ ಬ್ಲೂ ಪಾಟರಿ ಶುರು ಮಾಡಿದರು. ಎಷ್ಟೋ ಜನ ಅಲ್ಲಿ ಕಲಿತರು. 1991ರಲ್ಲಿ ಪದ್ಮಶ್ರೀ ಬಂತು. 1995ರಲ್ಲಿ ತೀರಿಕೊಂಡರು.

ಕುಂಬಾರರ ಒಂದು ಪರೀಕ್ಷೆ ನಮಗೂ ಬೇಕಾದ್ದು. ಹಸಿ ಮಣ್ಣನ್ನು ಅಂಗೈಯಲ್ಲಿ ಹುರಿಯ ಹಾಗೆ ಹೊಸೆದು ಉಂಗುರದಂತೆ ಬಗ್ಗಿಸಬೇಕು. ಬಿರುಕು ಬಿಡದಿದ್ದರೆ ಜೇಡಿ ಹೆಚ್ಚು, ನೀರು ಹಿಡಿಯುತ್ತದೆ. ಹುರಿಯೇ ಆಗದೆ ಉದುರಿದರೆ ಮರಳು ಹೆಚ್ಚು. ಒಣಗಿದ ಹಸಿ ಮಡಕೆ ನೀರಿಗೆ ಬಿದ್ದರೆ ಮತ್ತೆ ಕೆಸರಾಗುತ್ತದೆ. ಆದರೆ ಸುಮಾರು 600 ಡಿಗ್ರಿ ದಾಟಿ ಬೆಂದ ಮೇಲೆ ಜೇಡಿಯ ಒಳಗುಣವೇ ಬದಲಾಗುತ್ತದೆ. ಎಷ್ಟು ನೆನೆಸಿದರೂ ಅದು ಮತ್ತೆ ಮಣ್ಣಾಗದು.

ಒಂದು ಬಟ್ಟಲಿಗೆ ಬೇಕಾದ್ದು ಒಂದು ಹಿಡಿ ಜೇಡಿ. ಕೆರೆಯ ಜೇಡಿಯನ್ನು ಮಳೆನೀರು ಮತ್ತೆ ತಂದು ತುಂಬುತ್ತದೆ. ಹೊಲದ ಒಂದಡಿ ಮಣ್ಣನ್ನು ಯಾರು ತಂದು ತುಂಬುತ್ತಾರೆ? ಆ ಅರ್ಧ ಎಕರೆಗೆ ನಾನು ಕೆರೆಗೋಡು, ಕೊಟ್ಟಿಗೆ ಗೊಬ್ಬರ ಹೊಡೆದೆ. ಹುರುಳಿ ಬಿತ್ತಿ ಹಸಿರಲ್ಲೇ ಉತ್ತೆ. ಈಗ ರಾಗಿ ಪರವಾಗಿಲ್ಲ, ಆದರೂ ಪಕ್ಕದ ಹೊಲದ ಸಮಕ್ಕೆ ಬಂದಿಲ್ಲ.

ಮಣ್ಣಿಗೆ ಬೆಲೆ ಕಟ್ಟುವವರು ನಿಮ್ಮ ಬದುವಿನ ಮೇಲೆ ಬಂದು ನಿಂತರೆ, ಉತ್ತರ ಹೇಳುವ ಮೊದಲು ಒಂದು ಹಿಡಿ ಮಣ್ಣು ಹೊಸೆದು ನೋಡಿ.