ಧ್ವನಿವರ್ಧಕದ ದುರಸ್ತಿಯಲ್ಲಿ ‘ನಿದಾನ’

‘ನಿದಾನ’ ಎಂಬ ಶಬ್ದಕ್ಕೆ ಕನ್ನಡದ ಲೋಕವ್ಯವಹಾರದಲ್ಲಿ ಸಾವಕಾಶ, ತಾಳ್ಮೆ ಎಂಬ ಅರ್ಥಗಳು ರೂಢವಾಗಿವೆ. ಸಂಸ್ಕೃತದಲ್ಲಿ ಅದಕ್ಕೆ ಮೂಲಕಾರಣವೆಂದು ಅರ್ಥ. ರೋಗದ ಕಾರಣವನ್ನು ನಿರ್ಣಯಿಸುವ ಆಯುರ್ವೇದದ ಭಾಗಕ್ಕೂ ಅದೇ ಹೆಸರು. ಮಾಧವಕರನ ‘ಮಾಧವನಿದಾನ’ವು ಈ ವಿಷಯಕ್ಕೇ ಮೀಸಲಾದ ಗ್ರಂಥ. ಕೆಟ್ಟ ಯಂತ್ರವನ್ನು ಸರಿಪಡಿಸಲು ಹೊರಟವನಿಗೆ ಈ ಎರಡು ಅರ್ಥಗಳೂ ಏಕಕಾಲದಲ್ಲಿ ಬೇಕಾಗುತ್ತವೆ. ಗಿಟಾರ್ ವಾದ್ಯದ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನ ದುರಸ್ತಿಯು ಇದಕ್ಕೆ ಉತ್ತಮ ನಿದರ್ಶನ.

ಗಣೇಶೋತ್ಸವ, ರಾಜ್ಯೋತ್ಸವಗಳು ಬಂದವೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಬೀದಿಗಳಲ್ಲಿ ವೇದಿಕೆಗಳು ಏಳುತ್ತವೆ, ವಾದ್ಯಗೋಷ್ಠಿಗಳು ನಡೆಯುತ್ತವೆ. ಅಲ್ಲಿ ನುಡಿಸುವವರಲ್ಲಿ ಅನೇಕರು ಅಲ್ಪ ಆದಾಯದ ಗೃಹಸ್ಥರು. ಆಂಪ್ಲಿಫೈಯರ್ ಮೂಕವಾದೊಡನೆ ಹೊಸದನ್ನು ಕೊಳ್ಳುವುದು ಅವರಿಗೆ ಸುಲಭವಲ್ಲ, ಎಷ್ಟೋ ಸಲ ಅವಶ್ಯವೂ ಅಲ್ಲ. ಬೇಕಾದ ಬಿಡಿಭಾಗಗಳು ನಗರದ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ. 1954ರಲ್ಲಿ ಸ್ಥಾಪಿತವಾಗಿ ಜಾಲಹಳ್ಳಿಯಲ್ಲಿ ಬೆಳೆದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1960ರ ದಶಕದಲ್ಲಿಯೇ ಅರೆವಾಹಕಗಳನ್ನು ತಯಾರಿಸಿದುದರಿಂದ, ಟ್ರಾನ್ಸಿಸ್ಟರ್ ಎಂಬುದು ಈ ನಗರಕ್ಕೆ ಅಪರಿಚಿತ ವಸ್ತುವೂ ಅಲ್ಲ. ಕೊರತೆಯಿರುವುದು ದೋಷವನ್ನು ಕ್ರಮವಾಗಿ ಹುಡುಕುವ ಅಭ್ಯಾಸಕ್ಕೆ ಮಾತ್ರ.

ಯಂತ್ರದ ರಚನೆಯನ್ನು ಮೂರು ಅಂಗಗಳಾಗಿ ತಿಳಿಯಬಹುದು. ಮನೆಯ 230 ವೋಲ್ಟಿನ ವಿದ್ಯುತ್ತನ್ನು ತಗ್ಗಿಸಿ ಏಕಮುಖವಾಗಿಸುವುದು ಮೊದಲನೆಯ ಅಂಗ. ತಂತಿಯ ಕಂಪನದಿಂದ ಹುಟ್ಟಿದ ಅತಿಕ್ಷೀಣ ಸಂಕೇತವನ್ನು ಹಿಗ್ಗಿಸಿ ಸ್ವರದ ಗುಣವನ್ನು ತಿದ್ದುವುದು ಎರಡನೆಯದು. ಆ ಸಂಕೇತಕ್ಕೆ ಸ್ಪೀಕರನ್ನು ನಡೆಸುವ ಬಲವನ್ನು ಕೊಡುವುದು ಮೂರನೆಯದು. ಈ ಮೂರನೆಯ ಅಂಗವೇ ಹೆಚ್ಚು ಕಾವನ್ನು ತಾಳುವುದರಿಂದ ಹೆಚ್ಚಾಗಿ ಕೆಡುವುದೂ ಅದೇ.

ಪೆಟ್ಟಿಗೆಯನ್ನು ಬಿಚ್ಚುವ ಮುನ್ನ ಪ್ರಾಣರಕ್ಷಣೆಯ ವಿಚಾರ. ಪ್ಲಗ್ಗನ್ನು ಕಿತ್ತ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದನ್ನು ತಕ್ಕ ರೆಸಿಸ್ಟರಿನ ಮೂಲಕ ಬರಿದುಮಾಡಿ, ಮಲ್ಟಿಮೀಟರಿನಿಂದ ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು. ಇನ್ನೊಂದು ವಿಷಯ ನುಡಿಸುವವನಿಗೆ ಸಂಬಂಧಿಸಿದ್ದು. ಗಿಟಾರಿನ ಲೋಹದ ತಂತಿಗಳು ಸಾಮಾನ್ಯವಾಗಿ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸಂಪರ್ಕ ಹೊಂದಿರುತ್ತವೆ. ಗುಂಯ್‌ಗುಟ್ಟುವ ಸದ್ದನ್ನು ಅಡಗಿಸಲೆಂದು ಅರ್ಥ್ ತಂತಿಯನ್ನು ಕತ್ತರಿಸಿದರೆ, ಚೌಕಟ್ಟಿಗೆ ವಿದ್ಯುತ್ತು ಹರಿದ ದಿನ ಅದು ವಾದಕನ ಬೆರಳಿಗೇ ಬರುತ್ತದೆ. ಇಂತಹ ತಂತಿ ಕಂಡುಬಂದರೆ ಮಿಕ್ಕ ದೋಷವೇನೇ ಇರಲಿ, ಮೊದಲು ಅದನ್ನು ಸರಿಪಡಿಸಬೇಕು.

ಫ್ಯೂಸ್ ಸುಟ್ಟಿದೆಯೆಂದು ಅದಕ್ಕಿಂತ ದಪ್ಪನೆಯದನ್ನು ಹಾಕುವುದು, ಕಾವಲುಗಾರನನ್ನು ಓಡಿಸಿ ಕಳ್ಳನಿಗೆ ಬಾಗಿಲು ತೆರೆದಂತೆ. ಅದರ ಬದಲು ಅನುಭವಿಗಳಾದ ಮೆಕ್ಯಾನಿಕರು 60 ಅಥವಾ 100 ವ್ಯಾಟಿನ ಹಳೆಯ ತಂತುವಿನ ಬಲ್ಬನ್ನು ಯಂತ್ರದೊಡನೆ ಸರಣಿಯಲ್ಲಿ ಜೋಡಿಸುತ್ತಾರೆ. ಎಲ್.ಇ.ಡಿ. ದೀಪ ಈ ಕಾರ್ಯಕ್ಕೆ ಒದಗದು. ಬಲ್ಬು ಕ್ಷಣಕಾಲ ಬೆಳಗಿ ಮಂಕಾದರೆ ಕೆಪಾಸಿಟರುಗಳು ತುಂಬಿಕೊಂಡವೆಂದೂ, ಒಳಗೆ ದೊಡ್ಡ ಶಾರ್ಟ್ ಇಲ್ಲವೆಂದೂ ತಿಳಿಯಬಹುದು. ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಇದೆ. ಆದರೆ ಬಲ್ಬೇ ಪ್ರವಾಹವನ್ನು ತಡೆದಿರುವುದರಿಂದ ಹಾನಿ ಮುಂದುವರಿಯದು. ಇದು ಯಂತ್ರಕ್ಕೆ ರಕ್ಷೆಯೇ ಹೊರತು ಮುಟ್ಟುವವನಿಗೆ ರಕ್ಷೆಯಲ್ಲ.

ಇಲ್ಲಿಂದ ಮುಂದೆ ತರ್ಕಶಾಸ್ತ್ರದ ಅನ್ವಯ–ವ್ಯತಿರೇಕಗಳೇ ದಾರಿ. ಯಾವುದು ಇದ್ದಾಗ ದೋಷವಿದ್ದು, ಯಾವುದನ್ನು ತೆಗೆದಾಗ ದೋಷವಿಲ್ಲವೋ, ಶೋಧನೆ ಅಲ್ಲಿ ನಿಲ್ಲಬೇಕು. ಯಂತ್ರವನ್ನು ಆರಿಸಿ, ಕೆಪಾಸಿಟರುಗಳನ್ನು ಮತ್ತೆ ಬರಿದುಮಾಡಿ, ಅಂತಿಮ ಹಂತದ ಟ್ರಾನ್ಸಿಸ್ಟರುಗಳನ್ನು ಬಿಚ್ಚಿದ ಮೇಲೆ ಬಲ್ಬು ಮಂಕಾದರೆ ಶಂಕೆ ಅವುಗಳ ಮೇಲೆ. ಆಗಲೂ ಬೆಳಗಿದರೆ ಡಯೋಡುಗಳ ಮೇಲೆ, ಕೆಪಾಸಿಟರುಗಳ ಮೇಲೆ, ಟ್ರಾನ್ಸ್‌ಫಾರ್ಮರಿನ ಮೇಲೆ. ಬಿಚ್ಚಿದ ಟ್ರಾನ್ಸಿಸ್ಟರು, ಉದಾಹರಣೆಗೆ ಬಹುಪ್ರಚಾರದ 2ಎನ್3055, ಆರೋಗ್ಯವಾಗಿದ್ದರೆ ಮಲ್ಟಿಮೀಟರಿನ ಡಯೋಡ್ ಪರೀಕ್ಷೆಯಲ್ಲಿ ಬೇಸ್‌ನಿಂದ ಉಳಿದೆರಡು ತುದಿಗಳಿಗೆ ಒಂದು ದಿಕ್ಕಿನಲ್ಲಿ ಮಾತ್ರ ಸುಮಾರು 0.6 ವೋಲ್ಟನ್ನು ತೋರಿಸುತ್ತದೆ. ಕಲೆಕ್ಟರ್–ಎಮಿಟರುಗಳ ನಡುವೆ ಎರಡು ದಿಕ್ಕಿನಲ್ಲಿಯೂ ಸೊನ್ನೆಯ ಸಮೀಪ ತೋರಿದರೆ ಅದು ಸತ್ತಿದೆ.

ಸತ್ತ ಭಾಗವು ಸಿಕ್ಕಿತೆಂದು ಅಲ್ಲಿಗೇ ನಿಲ್ಲುವುದು ದೊಡ್ಡ ಪ್ರಮಾದ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಟ್ಟವನು ಯಾರೆಂಬುದನ್ನು ಹೊಗೆ ಹೇಳದು. ಸ್ಪೀಕರ್ ತಂತಿಗಳು ಒಂದಕ್ಕೊಂದು ತಗುಲಿದುದು, ಟ್ರಾನ್ಸಿಸ್ಟರಿನ ಅಡಿಯ ಅಭ್ರಕದ ಹಾಳೆ ಹರಿದುದು, ಹಿಂದಿನ ಹಂತದ ಸಣ್ಣ ಟ್ರಾನ್ಸಿಸ್ಟರ್ ಕೆಟ್ಟುದು, ಬೆಸುಗೆ ಬಿರಿದುದು ಇವುಗಳಲ್ಲಿ ಯಾವುದೂ ಮೂಲವಾಗಿರಬಹುದು. ಮೂಲವನ್ನು ಬಿಟ್ಟು ಬಿಡಿಭಾಗವನ್ನು ಮಾತ್ರ ಬದಲಿಸಿದರೆ ಹೊಸದೂ ಕ್ಷಣಮಾತ್ರದಲ್ಲಿ ಸುಡುತ್ತದೆ.

ಕೊನೆಯದಾಗಿ, ಸ್ಪೀಕರನ್ನು ಜೋಡಿಸುವ ಮೊದಲು ಅದರ ಕೊಂಡಿಗಳಲ್ಲಿ ಏಕಮುಖ ವೋಲ್ಟೇಜನ್ನು ಅಳೆಯಲೇಬೇಕು. ಧನ–ಋಣ ಎರಡು ಸರಬರಾಜುಳ್ಳ ಯಂತ್ರದಲ್ಲಿ ಅದು ಬಹುತೇಕ ಸೊನ್ನೆಯಾಗಿರತಕ್ಕದ್ದು. ಅಲ್ಲಿ 30 ವೋಲ್ಟ್ ಇದ್ದರೆ 8 ಓಮ್ ಸ್ಪೀಕರಿನಲ್ಲಿ ಸುಮಾರು 112 ವ್ಯಾಟುಗಳಷ್ಟು ಶಕ್ತಿ ನಾದವಾಗದೆ ಬರಿಯ ಶಾಖವಾಗಿ, ಅದರ ಸುರುಳಿಯನ್ನು ಸುಟ್ಟುಬಿಡುತ್ತದೆ. ಒಂದು ನಿಮಿಷದ ಈ ಅಳತೆಯನ್ನು ಬಿಟ್ಟುದರಿಂದ ದುರಸ್ತಿಯ ವೆಚ್ಚ ಇಮ್ಮಡಿಯಾಗುವುದುಂಟು.

ಶಾಲೆಯ ಉಗ್ರಾಣಗಳಲ್ಲಿ ಧೂಳು ಹಿಡಿದು ಕುಳಿತ ಯಂತ್ರಗಳನ್ನು, ದಾನಿಗಳ ಕೊಡುಗೆಗಳನ್ನೂ ಒಳಗೊಂಡು, ತಿಳಿದ ಗುರುವಿನ ಕಣ್ಣಮುಂದೆ ವಿದ್ಯಾರ್ಥಿಗಳು ಈ ಕ್ರಮದಿಂದ ಪರೀಕ್ಷಿಸಿದರೆ ಅವುಗಳಲ್ಲಿ ಕೆಲವಾದರೂ ಮತ್ತೆ ದನಿಗೂಡಬಲ್ಲವು. ಕಾರ್ಯವನ್ನು ಕಂಡು ಕಾರಣವನ್ನು ಅರಸುವ, ಕಾರಣ ಸಿಕ್ಕುವವರೆಗೆ ಅವಸರಪಡದ ಬುದ್ಧಿ ಅವರಲ್ಲಿ ಬೆಳೆದರೆ ಆ ಲಾಭ ಯಂತ್ರದ ಬೆಲೆಗಿಂತ ಹಿರಿದು. ಒಂದೇ ಶಬ್ದದಲ್ಲಿ ತಾಳ್ಮೆಯನ್ನೂ ಮೂಲಕಾರಣವನ್ನೂ ಹಿಡಿದಿಟ್ಟ ನುಡಿಯವರಿಗೆ ಈ ಪಾಠ ಕಷ್ಟವಾಗಲಾರದು.