ವಾರದ ಅಡುಗೆ ಭಾನುವಾರವೇ: ಸಮಯ ಉಳಿದೀತೇ?

ಆನೇಕಲ್, ಹೊಸಕೋಟೆ, ನೆಲಮಂಗಲ ಸುತ್ತಿನ ಎಷ್ಟೋ ಕೃಷಿಕರ ಮನೆಗಳಿಂದ ಈಗ ಒಬ್ಬರಾದರೂ ಬೊಮ್ಮಸಂದ್ರಕ್ಕೋ, ವೈಟ್‌ಫೀಲ್ಡಿಗೋ, ಪೀಣ್ಯಕ್ಕೋ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಕಂಪೆನಿ ಬಸ್ಸು ಬರುವುದರೊಳಗೆ ಹಾಲು ಕರೆದು ಡೇರಿಗೆ ಹಾಕಬೇಕು, ಬುತ್ತಿಯನ್ನೂ ಕಟ್ಟಬೇಕು. ವಾರಕ್ಕಾಗುವಷ್ಟು ಅಡುಗೆಯನ್ನು ಭಾನುವಾರವೇ ಮಾಡಿಡುವ ಫ್ಲಾಟಿನವರ ರೂಢಿ ನಮಗೆ ಹೊಂದೀತೇ?

ಬೇಯಿಸಿ ಇಡುವುದಾದರೆ ಹೊಂದದು. ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕೆಳಗಿಟ್ಟರೂ ಸಾರು-ಪಲ್ಯಗಳ ಆಯುಸ್ಸು 3-4 ದಿನ. ಕರೆಂಟು ಕೈಕೊಟ್ಟರೆ ಅದೂ ಇಲ್ಲ. ಅನ್ನ ಹೊರಗೇ ಉಳಿದರೆ ಅದರಲ್ಲಿ ಹುಟ್ಟುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮುದ್ದೆಯ ಮಾತಂತೂ ಬೇಡವೇ ಬೇಡ!

ಆದರೆ ಹೊತ್ತು ಹೆಚ್ಚು ತಿನ್ನುವುದು ಸುಲಿಯುವ, ಹುರಿಯುವ, ರುಬ್ಬುವ ಕೆಲಸ. ಅದನ್ನು ಮುಂಚೆಯೇ ಮುಗಿಸಬಹುದು. ನಮ್ಮ ಹಿರಿಯರ ಲೆಕ್ಕವೂ ಇದೇ. ರಾಗಿ ಕಾಳು ಹಗೇವಿನಲ್ಲಿ ವರ್ಷಗಟ್ಟಲೆ, ಹಿಟ್ಟು ಬೇಕಾದಷ್ಟೇ, ಮುದ್ದೆ ಅಂದಂದಿಗೆ.

* ಸಾರಿನ ಪುಡಿ, ಚಟ್ನಿಪುಡಿ, ಹುರಿಹಿಟ್ಟು: ತಿಂಗಳಿಗೊಮ್ಮೆ ಸಾಕು. ಡಬ್ಬಿ, ಚಮಚ ಎರಡೂ ಒಣಗಿರಲಿ.
* ದೋಸೆಹಿಟ್ಟು: ಫ್ರಿಜ್ಜಿನಲ್ಲಿ 3-4 ದಿನ. ಮೊದಲು ಇಡ್ಲಿ, ಆಮೇಲೆ ದೋಸೆ, ಹುಳಿ ಬಂದ ಮೇಲೆ ಪಡ್ಡು.
* ಮೊಳಕೆ ಹುರುಳಿ: ಫ್ರಿಜ್ಜಿನಲ್ಲಿ 2-3 ದಿನ. ಚೆನ್ನಾಗಿ ಬೇಯಿಸಿಯೇ ಬಳಸಿ.
* ಸುಲಿದ ಬೆಳ್ಳುಳ್ಳಿ: ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ಒಂದು ವಾರ. ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಬಾರದು, ಅಪಾಯ.
* ಸೊಪ್ಪು: ಹಿತ್ತಲಲ್ಲಿದ್ದರೆ ಮುಂಚೆ ಕೊಯ್ಯಲೇಬೇಡಿ. ಮಡಿಯೇ ನಮ್ಮ ಫ್ರಿಜ್ಜು!

ಒಂದು ಎಚ್ಚರಿಕೆ. ವಾರವಿಡೀ ಉಳಿಯುವ ಸಮಯಕ್ಕೆ ಭಾನುವಾರದ ಒಂದೆರಡು ಗಂಟೆ ಖರ್ಚುಂಟು. ಅದು ಯಾರದ್ದು? ಮನೆಯಾಕೆಗೆ ಇರುವ ಒಂದೇ ಬಿಡುವನ್ನೂ ಒಲೆಯೇ ನುಂಗಿದರೆ ಉಳಿತಾಯ ಎಲ್ಲಿ ಬಂತು? ಅವರೆಕಾಯಿ ಸುಗ್ಗಿಯಲ್ಲಿ ಮನೆಮಂದಿಯೆಲ್ಲ ಸುತ್ತ ಕೂತು ಕಾಳು ಹಿತುಕುವುದಿಲ್ಲವೇ? ಬೆಳ್ಳುಳ್ಳಿ ಸುಲಿಯುವುದಕ್ಕೂ, ಮೆಣಸಿನಕಾಯಿ ತೊಟ್ಟು ಬಿಡಿಸುವುದಕ್ಕೂ ಹಾಗೆಯೇ ಕೂರಬಹುದು. ಗಂಡಸರ ಕೈಯೇನೂ ಸವೆಯುವುದಿಲ್ಲ.

2005ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಡಿ ಕಂಪೆನಿ ರುಬ್ಬಿದ ಹಿಟ್ಟು ಮಾರಿಯೇ ದೊಡ್ಡದಾಯಿತು. ಪೇಟೆಯಲ್ಲಿ ಈ ದುಡಿಮೆಗೆ ರೇಟುಂಟು, ಮನೆಯಲ್ಲಿ ಮಾತ್ರ ಲೆಕ್ಕಕ್ಕಿಲ್ಲ. ಗೊಬ್ಬರ, ಕೂಲಿ ಎಲ್ಲವನ್ನೂ ಬರೆದಿಡುವ ನಾವು ಒಂದು ವಾರ ಅಡುಗೆಮನೆಯ ಗಂಟೆಗಳನ್ನೂ ಬರೆದು ನೋಡೋಣ. ಯಾವ ಕೆಲಸ ಮುಂಚೆ ಮಾಡಬೇಕು, ಯಾರು ಮಾಡಬೇಕು ಎಂಬುದಕ್ಕೆ ಆ ಪಟ್ಟಿಯೇ ಉತ್ತರ ಕೊಡುತ್ತದೆ.