ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರವೆಷ್ಟು, ಹೊತ್ತೆಷ್ಟು?

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಬಳಿಗೆ ಹೋಗಿಬರುವ ಹಿರಿಯರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಅವರ ಟಿಕೆಟಿನಲ್ಲಿ ಹೊರಡುವ ವೇಳೆ, ತಲುಪುವ ವೇಳೆ ಎರಡೂ ಇರುತ್ತವೆ. ಆದರೆ ಒಂದರಿಂದ ಇನ್ನೊಂದನ್ನು ಕಳೆದರೆ ಪ್ರಯಾಣದ ನಿಜವಾದ ಅವಧಿ ದೊರೆಯುವುದಿಲ್ಲ. ಹೊತ್ತುಹೊತ್ತಿಗೆ ಔಷಧ ಸೇವಿಸುವವರಿಗೆ ಈ ಲೆಕ್ಕ ತಪ್ಪುವಂತಿಲ್ಲ. ಒಂದು ಉದಾಹರಣೆಯ ಮೂಲಕ ಇದನ್ನು ವಿವರಿಸಬಯಸುತ್ತೇವೆ.

ಏರ್ ಇಂಡಿಯಾ ಸಂಸ್ಥೆಯು 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಬೆಂಗಳೂರುಗಳ ನಡುವೆ ನೇರ ವಿಮಾನ ಸಂಚಾರವನ್ನು ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಆ ಮೊದಲ ಹಾರಾಟವು ಉತ್ತರ ಧ್ರುವದ ಮಾರ್ಗವಾಗಿ ಬೆಂಗಳೂರನ್ನು ತಲುಪಿತು.

ಧ್ರುವದ ಮಾರ್ಗವೇಕೆ? ಗೋಡೆಯ ಭೂಪಟದಲ್ಲಿ ಪೆಸಿಫಿಕ್ ಸಾಗರದ ನಡುವಿನ ದಾರಿಯೇ ನೇರವೆಂದು ತೋರುತ್ತದೆ. ಆದರೆ ಭೂಮಿ ದುಂಡಗಿದೆ. ಭೂಗೋಲದ ಮೇಲೆ ಈ ಎರಡು ನಗರಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದರೆ ಅದು ಉತ್ತರಕ್ಕೆ ಸರಿದು ಆರ್ಕ್‌ಟಿಕ್ ವಲಯವನ್ನು ಮುಟ್ಟುತ್ತದೆ. ಅದರ ಉದ್ದ ಸುಮಾರು 14,000 ಕಿ.ಮೀ. ಧ್ರುವದ ನೆತ್ತಿಯ ಮೇಲೆ ಹಾದುಬಂದರೆ ಇದಕ್ಕಿಂತ ಸುಮಾರು 400 ಕಿ.ಮೀ. ಹೆಚ್ಚಾಗುತ್ತದೆ. ಆದರೂ ಹತ್ತಿರದ ದಾರಿಯೇ ಸದಾ ಬೇಗನೆ ತಲುಪಿಸುವ ದಾರಿಯಲ್ಲ. ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತದೆ. ಭಾರತದತ್ತ ಬರುವ ವಿಮಾನಕ್ಕೆ ಅದು ಎದುರುಗಾಳಿ. ಅದನ್ನು ತಪ್ಪಿಸಿ ಕೊಂಚ ಬಳಸಿ ಬಂದರೆ ಹೊತ್ತೂ ಇಂಧನವೂ ಉಳಿಯಬಹುದು.

ಇನ್ನು ಗಡಿಯಾರದ ಮಾತು. ಆ ಮೊದಲ ವಿಮಾನದ ವೇಳಾಪಟ್ಟಿಯಂತೆ ಹೊರಡುವುದು ಜನವರಿ 9ರ ರಾತ್ರಿ 8.30ಕ್ಕೆ, ತಲುಪುವುದು 11ರ ಮುಂಜಾನೆ 3.45ಕ್ಕೆ. ಹಾಗೆಯೇ ಕಳೆದರೆ 31 ಗಂಟೆ 15 ನಿಮಿಷ! ಆದರೆ ಇವು ಆಯಾ ಊರಿನ ವೇಳೆಗಳು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಭಾರತಕ್ಕಿಂತ 13 ಗಂಟೆ 30 ನಿಮಿಷ ಹಿಂದಿರುತ್ತದೆ. ಅಲ್ಲಿ 9ರ ರಾತ್ರಿ 8.30 ಆದಾಗ ಇಲ್ಲಿ 10ರ ಬೆಳಿಗ್ಗೆ 10 ಗಂಟೆ. ಅಲ್ಲಿಂದ ಎಣಿಸಿದರೆ ನಿಜವಾದ ಅವಧಿ 17 ಗಂಟೆ 45 ನಿಮಿಷ.

ಅಮೆರಿಕದಲ್ಲಿ ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆ ತಿಂಗಳುಗಳಲ್ಲಿ ಅಂತರ 12 ಗಂಟೆ 30 ನಿಮಿಷಕ್ಕೆ ಇಳಿಯುತ್ತದೆ.

ಗಂಟೆಗೆ 900 ಕಿ.ಮೀ. ವೇಗದಲ್ಲಿ 14,000 ಕಿ.ಮೀ. ಕ್ರಮಿಸಲು ಹದಿನೈದೂವರೆ ಗಂಟೆ ಸಾಕಲ್ಲವೇ ಎಂದು ಕೇಳಬಹುದು. ನೆಲದ ಮೇಲಿನ ಓಡಾಟ, ಏರುವ ಮತ್ತು ಇಳಿಯುವ ನಿಧಾನಗತಿ, ದಾರಿಯ ಬಳಸು, ಗಾಳಿ ಇವೆಲ್ಲಕ್ಕೂ ವೇಳಾಪಟ್ಟಿಯಲ್ಲಿ ಅವಕಾಶವಿರಬೇಕಾಗುತ್ತದೆ.

ಮುಂಬಯಿ, ಪುಣೆಗಳಿಂದ ಬೇರೊಂದು ಊರಿನ ಮೂಲಕ ಹೋಗುವವರಿಗೂ ಲೆಕ್ಕದ ಕ್ರಮ ಇದೇ: ಎರಡೂ ವೇಳೆಗಳನ್ನು ಭಾರತೀಯ ಕಾಲಮಾನಕ್ಕೆ ತಂದು ಕಳೆಯಬೇಕು; ನಡುವೆ ಕಾಯುವ ಹೊತ್ತು ಅದರಲ್ಲಿಯೇ ಸೇರಿರುತ್ತದೆ. ಹೀಗೆ ದೊರೆತ ಗಂಟೆಗಳನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ, ಯಾವ ಔಷಧವನ್ನು ಎಷ್ಟು ಗಂಟೆಗಳ ಅಂತರದಲ್ಲಿ ಸೇವಿಸಬೇಕೆಂದು ಮೊದಲೇ ಕೇಳಿಕೊಳ್ಳುವುದು ಒಳಿತು. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಇದನ್ನು ಮರೆಯಬಾರದು. ಔಷಧಗಳು ಕೈಚೀಲದಲ್ಲಿಯೇ ಇರಲಿ. ಕೈಗಡಿಯಾರವು ಮಕ್ಕಳ ಮನೆ ಸೇರುವವರೆಗೆ ಭಾರತದ ವೇಳೆಯನ್ನೇ ತೋರಿಸುತ್ತಿರಲಿ.